ಕೊಳೆಯುವ ಬಣ್ಣ, ಕೊಳೆಯದ ಸೀಸ

ಬಣ್ಣವೂ ಅನ್ನದಂತೆ ಹಳಸುತ್ತದೆ ಎಂಬುದು ನನಗೆ ತಿಳಿದದ್ದು ಗುಂಡ್ಲುಪೇಟೆ ಸೀಮೆಯ ಒಂದು ಶಾಲೆಯ ಉಗ್ರಾಣದಲ್ಲಿ. ಅದು 2003ರ ದಸರಾ ರಜೆ. ಸರ್ಕಾರಿ ಲೆಕ್ಕಾಚಾರ ಬಲ್ಲವರಿಗೆ ಮಾರ್ಚ್ ತಿಂಗಳ ಮಹಿಮೆ ಗೊತ್ತಿರುತ್ತದೆ. ವರ್ಷವಿಡೀ ಬಾರದ ಅನುದಾನ ಮಾರ್ಚ್ ಕೊನೆಯ ವಾರದಲ್ಲಿ ಬರುತ್ತದೆ, ಮೂವತ್ತೊಂದರೊಳಗೆ ಖರ್ಚಾಗದಿದ್ದರೆ ವಾಪಸು ಹೋಗುತ್ತದೆ. ಆ ವರ್ಷ ನಾನಿದ್ದ ಕಚೇರಿಯೂ ಹಾಗೆಯೇ ಅವಸರವಸರವಾಗಿ ಶಾಲೆ ಮತ್ತು ಅಂಗನವಾಡಿಗಳ ಗೋಡೆಗಳಿಗೆಂದು ನೀರಿನಲ್ಲಿ ಕಲಸುವ ಬಣ್ಣವನ್ನು ಕೊಂಡು ತಗಡಿನ ಮಾಡಿನ ಕೊಠಡಿಯೊಂದರಲ್ಲಿ ಪೇರಿಸಿಟ್ಟಿತ್ತು. ಬೇಸಿಗೆ ಕಳೆಯಿತು, ಮಳೆಗಾಲವೂ ಕಳೆಯಿತು. ಒಂದೆರಡು ಶಾಲೆಗಳಿಗೆ ಬಳಿದು ಉಳಿದ ಅರ್ಧ ಡಬ್ಬಗಳಿಗೆ ಯಾರೋ ಬಾವಿಯ ನೀರು ಬೆರೆಸಿ ಮುಚ್ಚಳವನ್ನು ಸಡಿಲವಾಗಿಯೇ ಬಿಟ್ಟಿದ್ದರು.

ಅಕ್ಟೋಬರಿನಲ್ಲಿ ಪೇಂಟರ್ ಒಂದು ಡಬ್ಬದ ಮುಚ್ಚಳ ಎಬ್ಬಿಸಿದಾಗ ಒಳಗಿನಿಂದ ಗಾಳಿ ಹೊರಬಂದ ಸದ್ದು ಕೇಳಿಸಿತು. ಹಿಂದೆಯೇ ಕೊಳೆತ ಮೊಟ್ಟೆಯ ನಾತ. ಮೊಸರಿನಂತೆ ಗಟ್ಟಿಯಾಗಿರಬೇಕಿದ್ದ ಬಣ್ಣ ಮಜ್ಜಿಗೆಯಂತಾಗಿತ್ತು. ಮೇಲೆ ಬೂದು ಬಣ್ಣದ ಕೆನೆ ಕಟ್ಟಿತ್ತು. "ಹಳಸೋಗದ ಸ್ವಾಮಿ, ಗ್ವಾಡಗೆ ಬಳುದ್ರ ನಿಂತ್ಕಳಲ್ಲ" ಎಂದು ಆತ ಕೈ ತೊಳೆದುಕೊಂಡ. ಲೆಕ್ಕ ಹಾಕಿದಾಗ ಹತ್ತಿರ ಹತ್ತಿರ ಅರ್ಧ ದಾಸ್ತಾನು ಹಾಳಾಗಿತ್ತು. ಮುಂದಿನ ವರ್ಷದ ಆಡಿಟ್‌ನಲ್ಲಿ ಅದಕ್ಕೊಂದು ಆಕ್ಷೇಪಣೆ ಬಂತು, ವಿವರಣೆ ಕೇಳಲಾಯಿತು.

ಇದರಿಂದ ಪಾಠ ಕಲಿತ ಅಧೀನ ಸಿಬ್ಬಂದಿ ಒಂದು ಟಿಪ್ಪಣಿ ಮಂಡಿಸಿದರು. ಇನ್ನು ಮುಂದೆ ಗೋಡೆಯ ಕೆಳಭಾಗಕ್ಕೆ, ನೆಲದಿಂದ ಮೂರಡಿ ಎತ್ತರದವರೆಗೆ, ಎನಾಮಲ್ ಅಂದರೆ ಆಯಿಲ್ ಪೇಂಟ್ ಬಳಿಯುವುದು. ಅದು ಡಬ್ಬದಲ್ಲಿ ಕೊಳೆಯುವುದಿಲ್ಲ, ಮಕ್ಕಳ ಕೈಕೊಳೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ, ಐದಾರು ವರ್ಷ ಬಾಳಿಕೆ ಬರುತ್ತದೆ. ಅತಿ ಕಡಿಮೆ ದರ ನಮೂದಿಸಿದ್ದವನಲ್ಲಿ ಹಳದಿ ಬಣ್ಣ ಸಾಕಷ್ಟಿತ್ತು. ಟಿಪ್ಪಣಿಯಲ್ಲಿ ಆಕ್ಷೇಪಿಸುವಂಥದ್ದು ಏನೂ ಕಾಣಲಿಲ್ಲ. ನಾನು ಸಹಿ ಹಾಕಿದೆ.

ಆ ಸಹಿಯ ಕುರಿತೇ ಈ ಬರಹ.

ಮೊದಲು ಬಣ್ಣ ಏಕೆ ಕೊಳೆಯುತ್ತದೆ ಎಂಬುದನ್ನು ನೋಡಬೇಕು. ಎಮಲ್ಷನ್, ಡಿಸ್ಟೆಂಪರ್ ಮುಂತಾದವುಗಳಲ್ಲಿ ಗಣನೀಯ ಪಾಲು ನೀರು. ಆ ನೀರಿನಲ್ಲಿ ಬಣ್ಣದ ಪುಡಿ, ಅಂಟು, ಜೊತೆಗೆ ದ್ರಾವಣ ಮಂದವಾಗಿ ನಿಲ್ಲಲೆಂದು ಬೆರೆಸುವ ಸೆಲ್ಯುಲೋಸ್ ಮೂಲದ ವಸ್ತು ಇರುತ್ತವೆ. ಸೆಲ್ಯುಲೋಸ್ ಎಂದರೆ ಸಸ್ಯದ ನಾರು; ನಮಗೆ ಅದು ಜೀರ್ಣವಾಗದು, ಆದರೆ ಹಲವು ಬ್ಯಾಕ್ಟೀರಿಯಾ ಮತ್ತು ಬೂಷ್ಟುಗಳಿಗೆ ಅದು ಊಟ. ಸ್ಯೂಡೊಮೊನಾಸ್, ಬ್ಯಾಸಿಲಸ್ ಜಾತಿಯ ಸೂಕ್ಷ್ಮಜೀವಿಗಳು ಕಲಸಿದ ನೀರಿನಿಂದಲೋ, ತೊಳೆಯದ ಬ್ರಷ್‌ನಿಂದಲೋ, ತೆರೆದ ಮುಚ್ಚಳದಿಂದಲೋ ಒಳಸೇರಿ, ಸೆಲ್ಯುಲೇಸ್ ಎಂಬ ಕಿಣ್ವವನ್ನು ಸ್ರವಿಸಿ ಆ ನಾರನ್ನು ತುಂಡರಿಸುತ್ತವೆ. ಮಂದವಾಗಿದ್ದ ಬಣ್ಣ ನೀರಾಗುವುದು ಇದರಿಂದ. ಅನಿಲ ಉತ್ಪತ್ತಿಯಾಗಿ ಡಬ್ಬ ಉಬ್ಬುತ್ತದೆ, ಆಮ್ಲ ಹೆಚ್ಚಿ ಹುಳಿವಾಸನೆ ಬರುತ್ತದೆ, ಗಾಳಿಯಾಡದ ತಳದಲ್ಲಿ ಗಂಧಕದ ನಾತ ಹುಟ್ಟುತ್ತದೆ. ಜೀವಿಗಳು ಸತ್ತ ಮೇಲೂ ಅವು ಬಿಟ್ಟುಹೋದ ಕಿಣ್ವ ಕೆಲಸ ಮುಂದುವರಿಸುತ್ತದೆ. ಆದ್ದರಿಂದ ಹಳಸಿದ ಬಣ್ಣಕ್ಕೆ ಆಮೇಲೆ ಔಷಧ ಬೆರೆಸಿ ಪ್ರಯೋಜನವಿಲ್ಲ.

ನಮ್ಮ ಹಿರಿಯರ ಸುಣ್ಣಕ್ಕೆ ಈ ಕಾಟವಿರಲಿಲ್ಲ. ಸುಣ್ಣದ ತಿಳಿ ಎಷ್ಟು ತೀಕ್ಷ್ಣವಾದ ಕ್ಷಾರವೆಂದರೆ ಅದರಲ್ಲಿ ಸಾಮಾನ್ಯ ಸೂಕ್ಷ್ಮಜೀವಿಗಳು ಬದುಕುವುದಿಲ್ಲ. ಗೋಡೆಗೆ ಬಳಿದ ಮೇಲೂ ಕೆಲಕಾಲ ಬೂಷ್ಟನ್ನು ದೂರವಿಡುತ್ತದೆ. ಹಬ್ಬಕ್ಕೆ ಮುನ್ನ ಸುಣ್ಣ ಹೊಡೆಯುವ ಪದ್ಧತಿಯಲ್ಲಿ ಅಂದಕ್ಕಿಂತ ಆರೋಗ್ಯದ ಪಾಲೇ ದೊಡ್ಡದಿತ್ತೇನೋ.

ಎನಾಮಲ್ ಕೊಳೆಯದಿರುವುದಕ್ಕೆ ಕಾರಣ ಸರಳ: ಅದರಲ್ಲಿ ನೀರಿಲ್ಲ. ಎಣ್ಣೆ ಮೂಲದ ರಾಳ ಮತ್ತು ಟರ್ಪೆಂಟೈನ್‌ನಂಥ ದ್ರಾವಕದಲ್ಲಿ ಜೀವಕ್ಕೆ ಆಸ್ಪದವಿಲ್ಲ. ಆದರೆ ನಾನು ಸಹಿ ಹಾಕಿದ ಕಾಲದಲ್ಲಿ ಅದರಲ್ಲಿ ಬೇರೊಂದು ವಸ್ತುವಿಗೆ ಧಾರಾಳ ಆಸ್ಪದವಿತ್ತು. ಎನಾಮಲ್ ಬೇಗ ಒಣಗಲೆಂದು ಸೀಸದ ಲವಣಗಳನ್ನು ಬೆರೆಸುತ್ತಿದ್ದರು. ಅದಕ್ಕಿಂತ ಮುಖ್ಯವಾಗಿ, ಹೊಳೆಯುವ ಹಳದಿ ಎಂದರೆ ಬಹುಪಾಲು ಸೀಸದ ಕ್ರೋಮೇಟ್. ಅದನ್ನೇ ನೀಲಿಯೊಡನೆ ಬೆರೆಸಿದರೆ ಹಸಿರು; ಅದರ ಸಂಬಂಧಿಯೇ ಕಿತ್ತಳೆ. ಕಬ್ಬಿಣದ ಸರಳಿಗೆ ತುಕ್ಕು ಹಿಡಿಯದಂತೆ ಬಳಿಯುವ ಕೆಂಪು ಪ್ರೈಮರ್‌ಗಳಲ್ಲಿ ಒಂದು ಬಗೆಯದು ಸೀಸದ ಆಕ್ಸೈಡ್. 2000ದ ದಶಕದಲ್ಲಿ ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದ ಸಂಶೋಧಕರೂ ದೆಹಲಿಯ ಟಾಕ್ಸಿಕ್ಸ್ ಲಿಂಕ್ ಸಂಸ್ಥೆಯೂ ಭಾರತದ ಅಂಗಡಿಗಳಿಂದ ಬಣ್ಣ ಕೊಂಡು ಪರೀಕ್ಷಿಸಿದಾಗ ಎನಾಮಲ್‌ಗಳಲ್ಲಿ ಹೆಚ್ಚಿನವು ಅಮೆರಿಕದ ಅಂದಿನ ಮಿತಿಯನ್ನು ಎಷ್ಟೋ ಪಟ್ಟು ಮೀರಿದ್ದವು. ನೀರಿನ ಬಣ್ಣಗಳಲ್ಲಿ ಸೀಸ ಅತ್ಯಲ್ಪವಿತ್ತು. ಅಂದರೆ, ಕೊಳೆತುಹೋಯಿತೆಂದು ನಾವು ಹಳ್ಳಕ್ಕೆ ಸುರಿಸಿದ್ದ ಬಣ್ಣವೇ ಮಕ್ಕಳ ಪಾಲಿಗೆ ಹೆಚ್ಚು ಕ್ಷೇಮಕರವಾಗಿತ್ತು. (ಹಳ್ಳಕ್ಕೆ ಸುರಿಸಿದ್ದೂ ತಪ್ಪೇ. ಅದು ಬೇರೆ ಮಾತು.)

ಮೂರಡಿ ಎತ್ತರ ಎಂಬುದನ್ನು ಓದುಗರು ಮತ್ತೊಮ್ಮೆ ಗಮನಿಸಬೇಕು. ಮೂರರಿಂದ ಆರು ವರ್ಷದ ಮಗುವಿನ ಕೈ ಓಡಾಡುವ ಎತ್ತರ ಅದು. ಕೈಯಿಂದ ಬಾಯಿಗೆ ದೂರವೇ ಇಲ್ಲದ ವಯಸ್ಸು. 1904ರಷ್ಟು ಹಿಂದೆಯೇ ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದ ವೈದ್ಯ ಲಾಕ್‌ಹಾರ್ಟ್ ಗಿಬ್ಸನ್, ಮನೆಯ ಜಗಲಿಯ ಕಟಕಟೆಗೆ ಬಳಿದ ಬಣ್ಣವೇ ಮಕ್ಕಳ ಸೀಸವಿಷಕ್ಕೆ ಮೂಲವೆಂದು ಬರೆದಿದ್ದರು. ಬಿಸಿಲಿಗೆ ಪುಡಿಯಾದ ಬಣ್ಣ ಬೆರಳಿಗೆ ಅಂಟಿ ಬಾಯಿ ಸೇರುತ್ತಿತ್ತು. ನನ್ನ ಕಡತಕ್ಕಿಂತ ಒಂದು ನೂರು ವರ್ಷ ಹಿಂದಿನ ತಿಳಿವಳಿಕೆ ಅದು.

ನುಂಗಿದ ಸೀಸದಲ್ಲಿ ವಯಸ್ಕರ ದೇಹ ಸುಮಾರು ಹತ್ತನೆಯ ಒಂದು ಭಾಗವನ್ನು ಹೀರಿಕೊಂಡರೆ ಚಿಕ್ಕ ಮಕ್ಕಳ ದೇಹ ಅರ್ಧದಷ್ಟನ್ನು ಹೀರಿಕೊಳ್ಳಬಲ್ಲದು. ರಕ್ತದಲ್ಲಿ ಅದು ತಿಂಗಳ ಲೆಕ್ಕದಲ್ಲಿ ಇದ್ದು ಮೂಳೆಯಲ್ಲಿ ದಶಕಗಳ ಕಾಲ ನೆಲೆಸುತ್ತದೆ. ಹೆಣ್ಣುಮಗು ಬೆಳೆದು ಗರ್ಭಿಣಿಯಾದಾಗ ಅಲ್ಲಿಂದ ಮತ್ತೆ ಹೊರಟು ಮುಂದಿನ ತಲೆಮಾರಿಗೆ ದಾಟುತ್ತದೆ. ಬುದ್ಧಿಶಕ್ತಿ, ಏಕಾಗ್ರತೆ, ನಡವಳಿಕೆ ಇವುಗಳ ಮೇಲೆ ಅದು ಮಾಡುವ ಹಾನಿ ಮರಳಿ ಸರಿಹೋಗುವಂಥದ್ದಲ್ಲ. ಇಷ್ಟರವರೆಗೆ ಅಪಾಯವಿಲ್ಲ ಎನ್ನಬಹುದಾದ ಪ್ರಮಾಣ ಯಾವುದೂ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಬ್ಬಿಣ ಮತ್ತು ಸುಣ್ಣದಂಶದ ಕೊರತೆಯಿರುವ ಮಗು ಇನ್ನಷ್ಟು ಸೀಸವನ್ನು ಹೀರಿಕೊಳ್ಳುತ್ತದೆ; ಸೀಸವೋ ರಕ್ತಕಣಗಳ ಉತ್ಪಾದನೆಯನ್ನೇ ತಡೆದು ರಕ್ತಹೀನತೆಯನ್ನು ಹೆಚ್ಚಿಸುತ್ತದೆ. ನಮ್ಮ ಹಾಡಿಗಳ, ಹಳ್ಳಿಗಳ ರಕ್ತಹೀನ ಮಕ್ಕಳಿಗೆ ಕಬ್ಬಿಣದ ಮಾತ್ರೆ ಕೊಡುವ ಅಂಗನವಾಡಿಯ ಗೋಡೆಯೇ ಈ ಕೆಲಸ ಮಾಡುತ್ತಿದ್ದರೆ? ರಾಗಿಮುದ್ದೆಯಲ್ಲಿ ಸುಣ್ಣದಂಶ ಹೇರಳವಾಗಿದೆ, 2013ರಿಂದ ಕ್ಷೀರಭಾಗ್ಯದ ಹಾಲೂ ಇದೆ. ಇವು ತಕ್ಕಮಟ್ಟಿಗೆ ಕಾಪಾಡುತ್ತವೆ, ಗೋಡೆಯನ್ನು ಸ್ವಚ್ಛ ಮಾಡುವುದಿಲ್ಲ.

ಕರ್ನಾಟಕಕ್ಕೆ ಈ ವಿಷಯ ಅಪರಿಚಿತವೇನಲ್ಲ. 1990ರ ದಶಕದ ಕೊನೆಯಲ್ಲಿ ಜಾರ್ಜ್ ಫೌಂಡೇಷನ್ ಬೆಂಗಳೂರು ಸೇರಿದಂತೆ ಏಳು ನಗರಗಳಲ್ಲಿ ರಕ್ತಪರೀಕ್ಷೆ ನಡೆಸಿತು. ಹನ್ನೆರಡು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯ ರಕ್ತದಲ್ಲಿ ಡೆಸಿಲೀಟರಿಗೆ 10 ಮೈಕ್ರೋಗ್ರಾಂಗಿಂತ ಅಧಿಕ ಸೀಸ ಕಂಡಿತ್ತು. (ಅಮೆರಿಕ 2021ರಿಂದ 3.5 ದಾಟಿದರೇ ಎಚ್ಚರ ವಹಿಸುತ್ತದೆ.) ಸೀಸವಿಲ್ಲದ ಪೆಟ್ರೋಲ್ 2000ದಲ್ಲಿ ದೇಶವ್ಯಾಪಿಯಾದದ್ದರ ಹಿನ್ನೆಲೆಯಲ್ಲಿ ಈ ಅರಿವು ಕೆಲಸ ಮಾಡಿತ್ತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ಜೀವರಸಾಯನ ತಜ್ಞ ಡಾ. ತುಪ್ಪಿಲ್ ವೆಂಕಟೇಶ್ ಬಣ್ಣದ ಸೀಸದ ವಿರುದ್ಧ ವರ್ಷಗಟ್ಟಲೆ ಮಾತನಾಡಿದರು. ಆದರೂ ಬಣ್ಣದ ಸರದಿ ಬರಲು ಪೆಟ್ರೋಲ್ ಆದ ಮೇಲೆ ಹದಿನೇಳು ವರ್ಷ ಬೇಕಾಯಿತು. ಕೇಂದ್ರ ಪರಿಸರ ಸಚಿವಾಲಯ 2016ರ ನವೆಂಬರ್ 1ರಂದು ಹೊರಡಿಸಿದ ನಿಯಮಗಳು ಒಂದು ವರ್ಷದ ನಂತರ ಜಾರಿಗೆ ಬಂದವು. ಮನೆ ಮತ್ತು ಅಲಂಕಾರಕ್ಕೆ ಬಳಸುವ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರುವಂತಿಲ್ಲ. ಅದಕ್ಕೆ ಮುಂಚೆ ಇದ್ದದ್ದು ಪಾಲಿಸಿದರೂ ಪಾಲಿಸದಿದ್ದರೂ ನಡೆಯುವ ಐಚ್ಛಿಕ ಮಾನದಂಡ.

ನಿಯಮ ಒಳ್ಳೆಯದು. ಅದರ ಎರಡು ಕೊರತೆಗಳು ನಮ್ಮಂಥ ಜಿಲ್ಲೆಗೆ ಹೆಚ್ಚು ತಟ್ಟುತ್ತವೆ. ಒಂದು, ಕೈಗಾರಿಕಾ ಬಣ್ಣಗಳು ಅದರ ಹೊರಗಿವೆ. ಸಣ್ಣ ಊರಿನ ಅಂಗಡಿಯಲ್ಲಿ ಯಾವ ಡಬ್ಬ ಯಾವ ಕಬ್ಬಿಣಕ್ಕೆ ಹೋಗುತ್ತದೆ ಎಂದು ಕೇಳುವವರಿಲ್ಲ. ಉದ್ಯಾನದ ಜಾರುಬಂಡೆ, ಉಯ್ಯಾಲೆಗಳಿಗೂ ಅದೇ. ಇನ್ನೊಂದು, 2017ಕ್ಕೆ ಮುಂಚೆ ಬಳಿದ ಗೋಡೆಗಳ ಬಗ್ಗೆ ನಿಯಮ ಮೌನವಾಗಿದೆ. ಡಬ್ಬದ ಬಣ್ಣವನ್ನು ಕಾನೂನು ನೋಡುತ್ತದೆ, ಗೋಡೆಯ ಬಣ್ಣವನ್ನು ನೋಡುವುದಿಲ್ಲ. ಸಂಕ್ರಾಂತಿಗೆ ಎತ್ತಿನ ಕೊಂಬಿಗೆ ಬಳಿಯುವ ಹಳೆಯ ಎನಾಮಲ್ ಡಬ್ಬಗಳು ಇಂದಿಗೂ ಎಷ್ಟೋ ಮನೆಗಳ ಅಟ್ಟದ ಮೇಲಿವೆ. ಆ ಕೆಲಸ ಮಾಡುವವರು ಹುಡುಗರೇ. ಬಣ್ಣ ನೆಕ್ಕಿ ಸೀಸವಿಷಕ್ಕೆ ತುತ್ತಾಗುವ ದನಗಳ ಕಥೆ ಪಶುವೈದ್ಯರಿಗೆ ಹೊಸದಲ್ಲ.

ನಾನು ಓದಿದ್ದು ಅರ್ಥಶಾಸ್ತ್ರ. ಜಾರ್ಜ್ ಅಕರ್ಲಾಫ್ 1970ರಲ್ಲಿ ಬರೆದ ಪ್ರಬಂಧವೊಂದು ಅವರಿಗೆ 2001ರ ನೊಬೆಲ್ ಪುರಸ್ಕಾರದಲ್ಲಿ ಪಾಲು ತಂದಿತು. ಹಳೆಯ ಕಾರಿನ ದೋಷ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಕೆಟ್ಟ ಸರಕು ಒಳ್ಳೆಯದನ್ನು ಮಾರುಕಟ್ಟೆಯಿಂದ ಓಡಿಸುತ್ತದೆ ಎಂಬುದು ಅದರ ಸಾರ. ಬಣ್ಣದ ವಿಚಾರದಲ್ಲಿ ಇದು ಇನ್ನೂ ವಿಚಿತ್ರ ರೂಪ ತಾಳುತ್ತದೆ. ಹಳಸಿದ ಬಣ್ಣ ತನ್ನ ದೋಷವನ್ನು ತಾನೇ ಸಾರುತ್ತದೆ: ನಾರುತ್ತದೆ, ಉಬ್ಬುತ್ತದೆ, ಗೋಡೆಯಿಂದ ಇಳಿದು ಹೋಗುತ್ತದೆ. ಸೀಸವಿರುವ ಬಣ್ಣ ಮಿನುಗುತ್ತದೆ, ಗಟ್ಟಿಯಾಗಿ ನಿಲ್ಲುತ್ತದೆ. ಅದರ ದೋಷವೇ ಗುಣವಾಗಿ ತೋರುತ್ತದೆ. ಕಚೇರಿಯ ಆಡಿಟ್ ಹಿಡಿಯುವುದು ಮೊದಲನೆಯದನ್ನು ಮಾತ್ರ. ನನ್ನ ಸೇವಾವಧಿಯಲ್ಲಿ ಹಾಳಾದ ಡಬ್ಬಗಳಿಗೆ ವಿವರಣೆ ಕೊಟ್ಟಿದ್ದೇನೆ, ಆ ಹಳದಿ ಗೋಡೆಗಳಿಗೆ ವಿವರಣೆ ಕೊಡೆಂದು ಯಾರೂ ಕೇಳಲಿಲ್ಲ. ಬದಲಿಗೆ, ಬಾಳಿಕೆ ಬರುವ ಕಾಮಗಾರಿಯೆಂದು ತಪಾಸಣಾ ವರದಿಯಲ್ಲಿ ಮೆಚ್ಚುಗೆಯ ಒಂದು ಸಾಲು ಬಂದಿತ್ತು.

ಹಳದಿಯ ಪ್ರಸ್ತಾಪ ಬಂದುದರಿಂದ ನಮ್ಮ ಸೀಮೆಯ ಮತ್ತೆರಡು ಹಳದಿಗಳನ್ನು ಹೇಳದೆ ಮುಂದೆ ಹೋಗಲಾರೆ. ಜುಲೈ, ಆಗಸ್ಟ್‌ನಲ್ಲಿ ಗುಂಡ್ಲುಪೇಟೆಯ ಹೆದ್ದಾರಿ ಬದಿಯ ಚೆಂಡು ಹೂವಿನ ಹೊಲಗಳಲ್ಲಿ ಕೇರಳದ ಪ್ರವಾಸಿಗರು ಚಿತ್ರ ತೆಗೆಸಿಕೊಳ್ಳುವಾಗ, ಈ ಹೂವೆಲ್ಲ ಪೇಂಟ್ ಕಂಪನಿಗೆ ಹೋಗುತ್ತದೆ ಎಂದು ಹೇಳುವವರಿದ್ದಾರೆ. ಹಾಗಿದ್ದಿದ್ದರೆ ಈ ಬರಹವೇ ಬೇಕಿರಲಿಲ್ಲ. ಆ ಹೂವಿನಿಂದ ತೆಗೆಯುವ ಸಾರ ಮುಖ್ಯವಾಗಿ ಕೋಳಿಮೇವಿಗೂ ಆಹಾರ ಪೂರಕಗಳಿಗೂ ಸೇರುತ್ತದೆ. ಮೊಟ್ಟೆಯ ಹಳದಿ ಗಾಢವಾಗುವುದು ಅದರಿಂದ. ಇನ್ನೊಂದು ನಮ್ಮ ಅರಿಶಿನ. ಚಾಮರಾಜನಗರದ ರೈತ ಬೆಳೆದು ಈರೋಡಿನ ಮಾರುಕಟ್ಟೆಗೆ ಒಯ್ಯುವ ಕೊಂಬಿನಲ್ಲಿ ಸೀಸವಿಲ್ಲ. ಆದರೆ ಬಾಂಗ್ಲಾದೇಶದಲ್ಲಿ ಕೊಂಬಿಗೆ ಹೊಳಪು ಕೊಡಲು ಇದೇ ಸೀಸದ ಕ್ರೋಮೇಟನ್ನು ಉಜ್ಜುತ್ತಿದ್ದುದು 2019ರಲ್ಲಿ ಸ್ಟ್ಯಾನ್‌ಫೋರ್ಡ್ ಸಂಶೋಧಕರ ಅಧ್ಯಯನದಿಂದ ಬಯಲಾಯಿತು. ಅಲ್ಲಿನ ಸರ್ಕಾರ ಮಾರುಕಟ್ಟೆಗಳಿಗೆ ದಾಳಿಯಿಟ್ಟು ದಂಡ ವಿಧಿಸಿತು, ಪತ್ರಿಕೆಗಳಲ್ಲಿ ಎಚ್ಚರಿಸಿತು. 2021ರ ಹೊತ್ತಿಗೆ ಕಲಬೆರಕೆ ಹೆಚ್ಚುಕಡಿಮೆ ನಿಂತೇ ಹೋಯಿತು. ನಮ್ಮ ದೇಶದಲ್ಲೂ ಪಟ್ನಾದ ಮಾದರಿಗಳಲ್ಲಿ ಭಾರಿ ಪ್ರಮಾಣದ ಸೀಸ ಸಿಕ್ಕಿದ್ದು 2024ರಲ್ಲಿ ಪ್ರಕಟವಾಗಿದೆ. ಗೋಡೆಗೆ ಬಳಿಯುವ ಪುಡಿ ಸಾರಿಗೆ ಬೀಳುವುದು ಹೀಗೆ. ಕೊಂಬಿನ ಸಹಜ ಬಣ್ಣ ಮಂದವಾಗಿದೆ ಎಂದು ಕಡಿಮೆ ಬೆಲೆ ಕಟ್ಟುವ ವ್ಯಾಪಾರಿ ಮತ್ತು ಹೊಳಪಿನ ಎನಾಮಲ್ ಮೆಚ್ಚಿದ ಅಧಿಕಾರಿ, ಇಬ್ಬರೂ ಒಂದೇ ಕಣ್ಣಿನಿಂದ ನೋಡಿದವರು.

ಇಂದು ಪರಿಸ್ಥಿತಿ ಬದಲಾಗಿದೆ. ನೀರಿನ ಬಣ್ಣಗಳೇ ಮಾರುಕಟ್ಟೆಯ ಹೆಚ್ಚಿನ ಪಾಲನ್ನು ಆಕ್ರಮಿಸಿವೆ. ನಂಜನಗೂಡಿನ ಹತ್ತಿರದ ಇಮ್ಮಾವು 2018ರಿಂದ ಏಷ್ಯನ್ ಪೇಂಟ್ಸ್‌ನ ಬೃಹತ್ ಘಟಕವನ್ನು ಕಂಡಿದೆ. ಈಚೆಗೆ ಚಾಮರಾಜನಗರದಲ್ಲಿಯೂ ಬಿರ್ಲಾ ಓಪಸ್‌ನ ಕಾರ್ಖಾನೆ ಆರಂಭವಾಗಿದೆ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಸ್ಥಾಪಿಸಿದ ಸೀಮೆ ಈಗ ದೇಶದ ಬಣ್ಣದ ಉದ್ಯಮದ ದೊಡ್ಡ ನೆಲೆಗಳಲ್ಲೊಂದಾಗುತ್ತಿದೆ. ನೀರಿನ ಬಣ್ಣ ಬಂತೆಂದರೆ ಅದರ ಹಿಂದೆಯೇ ಕೊಳೆಯುವಿಕೆಯ ಪ್ರಶ್ನೆಯೂ ಬರುತ್ತದೆ. ಅದಕ್ಕೆ ಉತ್ತರವಾಗಿ ಬೆರೆಸುವ ಸಂರಕ್ಷಕಗಳೂ ನಿರಪಾಯವೆಂದು ಭಾವಿಸಬೇಕಿಲ್ಲ. 1989ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ನಾಲ್ಕು ವರ್ಷದ ಬಾಲಕನೊಬ್ಬ, ಮನೆಯ ಒಳಗೋಡೆಗೆ ಹೊಸದಾಗಿ ಬಳಿದ ನೀರಿನ ಬಣ್ಣದಿಂದ ಪಾದರಸದ ವಿಷಕ್ಕೆ ಒಳಗಾದ. ಬಣ್ಣ ಕೆಡದಿರಲೆಂದು ಅದಕ್ಕೆ ಪಾದರಸದ ಸಂಯುಕ್ತ ಬೆರೆಸಿದ್ದರು. ಮರುವರ್ಷ ಅಲ್ಲಿ ಒಳಗೋಡೆಯ ಬಣ್ಣಗಳಿಗೆ ಅದನ್ನು ಬೆರೆಸುವುದು ನಿಂತಿತು. ಈಗ ಬಳಕೆಯಲ್ಲಿರುವ ಐಸೋಥಯಾಜೋಲಿನೋನ್ ವರ್ಗದ ರಾಸಾಯನಿಕಗಳು ಅಲ್ಪ ಪ್ರಮಾಣದಲ್ಲಿಯೇ ಕೆಲಸ ಮಾಡುತ್ತವೆ. ಆದರೆ ಕೆಲವರಿಗೆ, ಮುಖ್ಯವಾಗಿ ನಿತ್ಯ ಬಣ್ಣದಲ್ಲಿ ಕೈಯಿಡುವ ಪೇಂಟರ್‌ಗಳಿಗೆ, ಚರ್ಮದ ಅಲರ್ಜಿ ತರುತ್ತವೆ. ಔಷಧ ಹೆಚ್ಚಿಸುವುದಕ್ಕಿಂತ ಸೂಕ್ಷ್ಮಜೀವಿ ಒಳಸೇರದಂತೆ ನೋಡಿಕೊಳ್ಳುವುದೇ ಮೇಲು. ಕಾರ್ಖಾನೆಯಲ್ಲಿ ಇದು ಶುದ್ಧ ನೀರು ಮತ್ತು ತೊಳೆದ ತೊಟ್ಟಿಗಳ ವಿಚಾರ. ಶಾಲೆಯ ಉಗ್ರಾಣದಲ್ಲಿ ಇನ್ನೂ ಸುಲಭ. ಬೇಕಾದಾಗ ಬೇಕಾದಷ್ಟೇ ಕೊಳ್ಳುವುದು, ತಯಾರಿಕೆಯ ದಿನಾಂಕ ನೋಡಿ ಹಳೆಯದನ್ನು ಮೊದಲು ಬಳಸುವುದು, ಕಲಸಿದ್ದನ್ನು ಮತ್ತೆ ಡಬ್ಬಕ್ಕೆ ಸುರಿಯದಿರುವುದು. 2003ರಲ್ಲಿ ನಮ್ಮ ಕಚೇರಿ ಮಾಡಬೇಕಿದ್ದದ್ದು ಇಷ್ಟೇ. ಮಾರ್ಚ್ ಖರೀದಿಯ ತಪ್ಪನ್ನು ನಾವು ನೀರಿನ ಬಣ್ಣದ ತಲೆಗೆ ಕಟ್ಟಿದೆವು.

ಹಳೆಯ ಗೋಡೆಗಳ ಗತಿಯೇನು? ಕೈಯಲ್ಲಿ ಹಿಡಿಯುವ ಎಕ್ಸ್‌-ಕಿರಣ ಯಂತ್ರವೊಂದು ಗೋಡೆಗೆ ತಾಗಿಸಿದ ಕೆಲವೇ ಕ್ಷಣಗಳಲ್ಲಿ ಸೀಸದ ಪ್ರಮಾಣ ಹೇಳುತ್ತದೆ. ಗೋಡೆ ಕೆರೆಯುವ ಅಗತ್ಯವಿಲ್ಲ. ಒಂದು ಜಿಲ್ಲೆಗೆ ಒಂದು ಯಂತ್ರ ದುಬಾರಿಯೆನಿಸಿದರೆ ನಾಲ್ಕು ಜಿಲ್ಲೆಗೆ ಒಂದಿರಲಿ. 2017ಕ್ಕೆ ಮುಂಚಿನ ಅಂಗನವಾಡಿ ಮತ್ತು ಕಿರಿಯ ಪ್ರಾಥಮಿಕ ಶಾಲೆಗಳಿಂದ ಆರಂಭಿಸಬಹುದು. 1995ರಲ್ಲಿ ಪಕ್ಕದ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ನಲಿ-ಕಲಿ ನಮ್ಮ ಮಕ್ಕಳನ್ನು ಬೆಂಚಿನಿಂದ ಇಳಿಸಿ ನೆಲದ ಮೇಲೆ, ಗೋಡೆಯ ಬದಿಗೆ ಕೂರಿಸಿತು. ಅದು ಬಹು ಒಳ್ಳೆಯ ಸುಧಾರಣೆ. ಹಾಗೆಂದೇ ಆ ನೆಲವೂ ಗೋಡೆಯೂ ಶುದ್ಧವಾಗಿರಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೆ ಬಂದೇ ಬರುತ್ತವೆ. ಸೀಸ ಪತ್ತೆಯಾದ ಗೋಡೆಯಿರುವೆಡೆ ಮಾತ್ರವಾದರೂ ಮಕ್ಕಳ ರಕ್ತದ ಸೀಸವನ್ನು ಅವು ಪರೀಕ್ಷೆಗೆ ಕಳಿಸಬಹುದು. ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಅದು ಕಾಣುವುದಿಲ್ಲ.

ಸೀಸವಿರುವ ಹಳೆಯ ಬಣ್ಣವನ್ನು ಒಣ ಉಪ್ಪುಕಾಗದದಿಂದ ಉಜ್ಜುವುದು, ಬೆಂಕಿಯಿಂದ ಸುಟ್ಟು ಕೆರೆಯುವುದು ಎಲ್ಲಕ್ಕಿಂತ ಅಪಾಯ. ಗೋಡೆಯಲ್ಲಿ ಸುಮ್ಮನಿದ್ದ ವಿಷ ಧೂಳಾಗಿ ಕೊಠಡಿ ತುಂಬುತ್ತದೆ. ಪೇಂಟರ್‌ನ ಅಂಗಿಯ ಮೇಲೆ ಕೂತು ಅವನ ಮನೆಯ ಕೂಸಿನವರೆಗೂ ಹೋಗುತ್ತದೆ. ನೀರು ಹಚ್ಚಿ ಒದ್ದೆಯಾಗಿಯೇ ಉಜ್ಜಬೇಕು, ಉದುರಿದ್ದನ್ನು ಒದ್ದೆ ಬಟ್ಟೆಯಲ್ಲಿ ಬಳಿದು ತೆಗೆಯಬೇಕು. ಬಣ್ಣ ಗಟ್ಟಿಯಾಗಿ ನಿಂತಿದ್ದರೆ ಕೆರೆಯದೆ ಅದರ ಮೇಲೆಯೇ ಹೊಸ ಲೇಪ ಹಾಕುವುದು ಕ್ಷೇಮ.

ಕಳೆದ ಬೇಸಿಗೆಯಲ್ಲಿ ಚಾಮರಾಜನಗರಕ್ಕೆ ಹೋದವನು ಹಿಂದಿರುಗುವಾಗ ಗುಂಡ್ಲುಪೇಟೆಯ ದಾರಿಯಲ್ಲಿ ಆ ಶಾಲೆಗೆ ಇಳಿದೆ. ಗೋಡೆಗಳ ಮೇಲೆ ಈಗ ರೈಲು, ನವಿಲು, ಮಗ್ಗಿಗಳಿವೆ. ನಲ್ಲಿಯ ಬಳಿ, ತೇವಕ್ಕೆ ಮೇಲಿನ ಲೇಪಗಳು ಎದ್ದ ಕಡೆ, ನನ್ನ ಕಾಲದ ಹಳದಿ ಇಣುಕುತ್ತಿತ್ತು. ಅಂಗೈ ಅಗಲದಷ್ಟು ಜಾಗದಲ್ಲಿ ಅಂಚುಗಳು ಸುರುಳಿ ಸುತ್ತಿದ್ದವು. ಯಾರದೋ ಎಳೆಯ ಉಗುರು ಅದನ್ನು ಬಿಡಿಸಿದ ಗುರುತೂ ಇತ್ತು. ಮುಖ್ಯೋಪಾಧ್ಯಾಯಿನಿಗೆ ವಿಷಯ ವಿವರಿಸಿದೆ. ಅವರು ಆ ಜಾಗಕ್ಕೆ ಒಂದು ಬೆಂಚು ಅಡ್ಡ ಇರಿಸಿ, "ರಜೆ ಮುಗಿಯೋದ್ರೊಳಗೆ ಬಣ್ಣ ಹೊಡೆಸ್ತಾರೆ ಸಾರ್, ಕಂಟ್ರಾಕ್ಟರಿಗೆ ನೀವೇ ಹೇಳಿ" ಎಂದರು. ಹೇಳಿದೆ. ಆತ ಗೌರವದಿಂದಲೇ ಕೇಳಿಸಿಕೊಂಡು, ಕೈಯಲ್ಲಿದ್ದ ಅಂದಾಜುಪಟ್ಟಿಯನ್ನು ನನ್ನ ಮುಂದೆ ಹಿಡಿದ. ಹಳೆಯ ಬಣ್ಣ ಕೆರೆದು ಉಜ್ಜುವುದಕ್ಕೆ ಚದರ ಮೀಟರಿಗೆ ಇಷ್ಟೆಂದು ಒಂದು ದರವಿತ್ತು. "ನೀರು ಹಾಕ್ಕೊಂಡು ಉಜ್ಜಿದ್ರೆ ಎರಡು ದಿನ ಜಾಸ್ತಿ ಹಿಡಿಯುತ್ತೆ ಸಾರ್. ಅದಕ್ಕೆ ಇದರಲ್ಲಿ ಐಟಂ ಎಲ್ಲಿದೆ, ನೀವೇ ತೋರಿಸಿ" ಎಂದ. ನಾನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದೆ. ಇರಲಿಲ್ಲ.